ಕಡಲು ಬರುವ ಮುಂಚೆ

ಗಂಡ ಹೆಂಡತಿ ವ್ಯಾನಿನಲ್ಲೇ ಮನೆ ಹೂಡಿಕೊಂಡು ಕಡಲ ತೀರದುದ್ದಕ್ಕೂ ಹೋಗುವ ಕಥೆಗಳಿಗೆ ಈಗ ಬರವಿಲ್ಲ. ಯೂಟ್ಯೂಬ್ ತೆರೆದರೆ ಸಾಕು, ಕ್ಯಾಲಿಫೋರ್ನಿಯಾದ ಬಿಗ್ ಸರ್ ಇರಲಿ, ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡ್ ಇರಲಿ, ಅದೇ ವ್ಯಾನು, ತೆರೆದಿಟ್ಟ ಅದೇ ಹಿಂಬಾಗಿಲು, ಅದರಾಚೆ ಅದೇ ಸೂರ್ಯಾಸ್ತ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಹತ್ತು ನಿಮಿಷ ನೋಡಿದ ಮೇಲೂ ಆ ಇಬ್ಬರು ಒಬ್ಬರಿಗೊಬ್ಬರು ಏನಾಗಬೇಕು ಎಂಬುದು ತಿಳಿಯುವುದಿಲ್ಲ. ಕಡಲೇ ಅಷ್ಟೂ ಜಾಗ ತಿಂದುಬಿಟ್ಟಿರುತ್ತದೆ. ಇದೇ ಜಾತಿಯ ಒಂದು ಸಿನಿಮಾ ಮತ್ತು ಒಂದು ಪುಸ್ತಕವನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಈ ದೂರು ಇನ್ನಷ್ಟು ಸ್ಪಷ್ಟವಾಯಿತು.

ಸಿನಿಮಾ 2017ರ ‘ದಿ ಲೀಷರ್ ಸೀಕರ್’. ಇಟಲಿಯ ಪಾವ್ಲೊ ವಿರ್ಜಿ ಇಂಗ್ಲಿಷಿನಲ್ಲಿ ಮಾಡಿದ್ದು. ಗಂಡ ಜಾನ್‌ಗೆ (ಡೊನಾಲ್ಡ್ ಸದರ್‌ಲ್ಯಾಂಡ್) ಮರೆವಿನ ಕಾಯಿಲೆ, ಹೆಂಡತಿಗೆ (ಹೆಲೆನ್ ಮಿರನ್) ಕ್ಯಾನ್ಸರ್. ಮಕ್ಕಳಿಗೆ ಹೇಳದೆ ಕೇಳದೆ ಹಳೆಯ ವಿನ್ನೆಬೇಗೊ ಹತ್ತಿ ಮ್ಯಾಸಚೂಸೆಟ್ಸ್‌ನಿಂದ ಫ್ಲಾರಿಡಾದ ತುದಿಯಲ್ಲಿರುವ ಕೀ ವೆಸ್ಟ್‌ಗೆ, ಹೆಮಿಂಗ್ವೇ ಮನೆ ನೋಡಲು ಹೊರಡುತ್ತಾರೆ. ಜಾನ್ ನಿವೃತ್ತ ಸಾಹಿತ್ಯದ ಮೇಷ್ಟ್ರು. ಮನೆಯವರು ಮರೆತುಹೋದರೂ ಹೆಮಿಂಗ್ವೇ ಮರೆತಿಲ್ಲ. ಮೂಲದಲ್ಲಿ ಇದು ಮೈಕೆಲ್ ಜಡೋರಿಯನ್ ಅವರ 2009ರ ಕಾದಂಬರಿ. ಅಲ್ಲಿ ದಂಪತಿ ಹೊರಡುವುದು ಡೆಟ್ರಾಯಿಟ್ ಕಡೆಯಿಂದ, ಹೋಗುವುದು ರೂಟ್ 66 ಹಿಡಿದು ಡಿಸ್ನಿಲ್ಯಾಂಡಿಗೆ, ಕಥೆ ಹೇಳುವವಳು ಹೆಂಡತಿ. ಸಾಯುವ ಕಾಲದಲ್ಲಿ ಡಿಸ್ನಿಲ್ಯಾಂಡಿಗೆ ಹೊರಡುವುದರಲ್ಲಿ ಒಂದು ಹುಚ್ಚಾಟವಿದೆ. ಅದೇ ಹೆಮಿಂಗ್ವೇ ಮನೆ ಎಂದಾಗ ಅದು ಮೇಷ್ಟ್ರ ತೀರ್ಥಯಾತ್ರೆ. ದಾರಿಯನ್ನು ಅಟ್ಲಾಂಟಿಕ್ ತೀರಕ್ಕೆ ತಿರುಗಿಸಿದ್ದರಿಂದ ಸಿನಿಮಾಕ್ಕೆ ಕಡಲು ಸಿಕ್ಕಿತು, ಹೆಂಡತಿಯ ದನಿ ಕೈತಪ್ಪಿತು.

ಆದರೂ ಅದರಲ್ಲಿ ಒಳ್ಳೆಯ ಭಾಗವಿದೆ. ರಾತ್ರಿ ವ್ಯಾನು ನಿಲ್ಲಿಸಿದ ಕಡೆ ಬಿಳಿ ಬಟ್ಟೆ ಕಟ್ಟಿ, ಹಳೆಯ ಸ್ಲೈಡ್ ಪ್ರೊಜೆಕ್ಟರಿನಲ್ಲಿ ಕುಟುಂಬದ ಚಿತ್ರಗಳನ್ನು ಹಾಕಿ ಅವಳು ಗಂಡನನ್ನು ಪರೀಕ್ಷೆ ಮಾಡುತ್ತಾಳೆ: ಇದು ಯಾರು, ಇದು ಯಾವ ವರ್ಷ. ಪ್ರೀತಿ, ಸಿಟ್ಟು, ಭಯ ಮೂರೂ ಆ ಪ್ರಶ್ನೆಗಳಲ್ಲಿವೆ. ಗಮನಿಸಿ, ಆಗ ಕತ್ತಲು, ಕಡಲು ಕಾಣುವುದಿಲ್ಲ.

ಕೊನೆ ಹೇಳದೆ ಮುಂದಿನ ಮಾತು ಆಡಲಾಗದು, ಸಿನಿಮಾ ನೋಡಿಲ್ಲದವರು ಕ್ಷಮಿಸಬೇಕು. ಇಬ್ಬರ ಸಾವನ್ನೂ ಹೆಂಡತಿ ಒಬ್ಬಳೇ ತೀರ್ಮಾನಿಸುತ್ತಾಳೆ. ಮಕ್ಕಳಿಗೆ ಪತ್ರವಿದೆ. ಜಾನ್‌ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವನು ಹೇಳುವ ಸ್ಥಿತಿಯಲ್ಲಿ ಇಲ್ಲ ಎನ್ನಬಹುದು. ಸಿನಿಮಾ ನಿಂತು ಯೋಚಿಸಬೇಕಾಗಿದ್ದುದು ಅಲ್ಲಿಯೇ ಅಲ್ಲವೇ? ಕೀ ವೆಸ್ಟ್ ದಾರಿಯೇ ಹಾಗಿದೆ, ದ್ವೀಪದಿಂದ ದ್ವೀಪಕ್ಕೆ ಸೇತುವೆ, ಎರಡೂ ಕಡೆ ನೀರು, ಮುಂದೆ ರಸ್ತೆಯೇ ಇಲ್ಲ. ಪಕ್ಕದಲ್ಲಿ ಇಂಥ ಕಡಲಿದ್ದರೆ ಸಾವಿಗೂ ಒಂದು ಸೊಗಸು ಬಂದುಬಿಡುತ್ತದೆ, ಕೇಳಬೇಕಾದ ಪ್ರಶ್ನೆ ಆ ಸೊಗಸಿನಲ್ಲಿ ಕರಗುತ್ತದೆ.

ಪುಸ್ತಕದ ಕಥೆಯೇ ಬೇರೆ. ಅರ್ಜೆಂಟೀನಾದ ಹುಲಿಯೊ ಕೊರ್ತಾಸಾರ್ ಮತ್ತು ಅವರ ಹೆಂಡತಿ, ಲೇಖಕಿ, ಛಾಯಾಗ್ರಾಹಕಿ ಕ್ಯಾರಲ್ ಡನ್ಲಪ್ 1982ರ ಮೇ ತಿಂಗಳ ಕೊನೆಯಲ್ಲಿ ತಮ್ಮ ಕೆಂಪು ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಪ್ಯಾರಿಸ್ಸಿನಿಂದ ಮೆಡಿಟರೇನಿಯನ್ ತೀರದ ಮಾರ್ಸೇಗೆ ಹೊರಟರು. ವ್ಯಾನಿಗೆ ಫಾಫ್ನರ್ ಎಂದು ಹೆಸರು, ವಾಗ್ನರ್ ಒಪೆರಾದ ಡ್ರ್ಯಾಗನ್ ಅದು. ದೂರ ಹೆಚ್ಚುಕಡಿಮೆ ಪುಣೆಯಿಂದ ಬೆಂಗಳೂರಿನಷ್ಟು. ಒಂದು ಹಗಲಿನಲ್ಲಿ ಮುಗಿಯುವ ಆ ದಾರಿಗೆ ಅವರು ತೆಗೆದುಕೊಂಡದ್ದು 33 ದಿನ. ನಿಯಮ ಅವರೇ ಮಾಡಿಕೊಂಡದ್ದು: ಟೋಲ್ ಹೆದ್ದಾರಿಯಿಂದ ಒಮ್ಮೆಯೂ ಹೊರಗೆ ಹೋಗಕೂಡದು, ದಿನಕ್ಕೆ ಎರಡು ರೆಸ್ಟ್ ಏರಿಯಾ ನೋಡಬೇಕು, ಎರಡನೆಯದರಲ್ಲಿ ರಾತ್ರಿ ಕಳೆಯಬೇಕು, ಕೊನೆಗೆ ಪುಸ್ತಕ ಬರೆಯಬೇಕು. ಹೀಗೆ ಹುಟ್ಟಿದ ‘ಆಟೊನಾಟ್ಸ್ ಆಫ್ ದಿ ಕಾಸ್ಮೊರೂಟ್’ 1983ರಲ್ಲಿ ಸ್ಪ್ಯಾನಿಷ್‌ನಲ್ಲಿ ಬಂತು. ಆನ್ ಮೆಕ್‌ಲೀನ್ ಅವರ ಇಂಗ್ಲಿಷ್ ಅನುವಾದ ಬಂದದ್ದು 2007ರಲ್ಲಿ.

ನೋಡಲು ಏನಿದೆ ಅಲ್ಲಿ? ಲಾರಿಗಳು, ಕಸದ ಡಬ್ಬಿ, ಪೆಟ್ರೋಲ್ ಬಂಕು, ಒಂದಿಷ್ಟು ಮರ, ಇರುವೆ. ಹಬ್ಬಕ್ಕೆ ಊರಿಗೆ ಹೋಗುವಾಗ ನಾವು ಚಹಾ ಕುಡಿದು, ಮಗುವನ್ನು ಟಾಯ್ಲೆಟ್ಟಿಗೆ ಕರೆದೊಯ್ದು ಐದೇ ನಿಮಿಷದಲ್ಲಿ ಬಿಟ್ಟುಹೋಗುವಂಥ ಜಾಗ. ಈ ಇಬ್ಬರು ಅಲ್ಲಿ ಹೂವಿನ ಚಿತ್ತಾರದ ಮಡಚುವ ಕುರ್ಚಿ ಹಾಕಿಕೊಂಡು ಟೈಪ್ ಮಾಡುತ್ತ ಕೂರುತ್ತಾರೆ. ಹಿಂದಿನ ಕಾಲದ ಅನ್ವೇಷಕರನ್ನು ಅಣಕಿಸುತ್ತ ಪ್ರತಿ ತಾಣದ ‘ವೈಜ್ಞಾನಿಕ’ ವರದಿ ಬರೆಯುತ್ತಾರೆ. ನಕ್ಷೆಗಳನ್ನು ಬರೆದುಕೊಟ್ಟವನು ಕ್ಯಾರಲ್ ಅವರ ಮಗ. ಅವನು ತೋಳ, ಅವಳು ಕರಡಿಮರಿ, ಅದು ಅವರ ಮುದ್ದಿನ ಹೆಸರು. ಕರಡಿಮರಿ ನಿದ್ದೆ ಮಾಡುವುದನ್ನು ಕೊರ್ತಾಸಾರ್ ಬರೆದ ಭಾಗವನ್ನು ಓದಿದರೆ, ಕಣ್ಣಿಗೆ ಬೇರೆ ಕೆಲಸವಿಲ್ಲದಾಗ ಮನುಷ್ಯ ತನ್ನವರನ್ನು ಎಷ್ಟು ಹತ್ತಿರದಿಂದ ನೋಡಬಲ್ಲ ಎಂದು ಗೊತ್ತಾಗುತ್ತದೆ. ನಾನು ಓದಿದ ಎಷ್ಟೋ ಕನ್ನಡ ಪ್ರವಾಸ ಕಥನಗಳಲ್ಲಿ ಹೆಂಡತಿ ಜೊತೆಗೆ ಬಂದಿದ್ದಾಳೆ ಎಂಬುದು ಚಟ್ನಿಪುಡಿಯ ಡಬ್ಬ ತೆರೆದಾಗ ಮಾತ್ರ ಗೊತ್ತಾಗುತ್ತದೆ. ಇಲ್ಲಿ ಇಬ್ಬರೂ ಬರೆಯುತ್ತಾರೆ, ಒಬ್ಬರು ಇನ್ನೊಬ್ಬರನ್ನು ಬರೆಯುತ್ತಾರೆ.

ಪುಸ್ತಕದ ತುಂಬ ಪ್ರಯಾಣದ ದಿನಚರಿ ಇದೆ: ಗಂಟೆ, ಉಷ್ಣಾಂಶ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ. ಮೊದಲ ಓದಿನಲ್ಲಿ ಬೇಸರ ತರಿಸುತ್ತದೆ. ದಿನವೂ ಸ್ಟೇಟಸ್ ರಿಪೋರ್ಟ್ ನೋಡುವ ನೌಕರಿ ನನ್ನದು. ಏನು ಬರೆದಿದ್ದಾರೆ ಎನ್ನುವುದಕ್ಕಿಂತ ಯಾವುದಕ್ಕೆ ಕಾಲಂ ಇಲ್ಲ ಎಂದು ಹುಡುಕುವುದು ರೂಢಿಯಾಗಿದೆ. ಇಲ್ಲಿ ಇಲ್ಲದ ಕಾಲಂ ಆರೋಗ್ಯದ್ದು. ಇಬ್ಬರದೂ ನೆಟ್ಟಗಿರಲಿಲ್ಲ. ಕಾಯಿಲೆಯ ಮಾತು ಅಲ್ಲಲ್ಲಿ ನೆರಳಿನಂತೆ ಬಂದು ಹೋಗುತ್ತದೆ, ಅಷ್ಟೇ. ಅದೇ ವರ್ಷದ ನವೆಂಬರ್ 2ರಂದು ಕ್ಯಾರಲ್ ತೀರಿಕೊಂಡರು, 36 ವರ್ಷಕ್ಕೆ. ಇದು ತಿಳಿದ ಮೇಲೆ ಮತ್ತೆ ಆ ಊಟದ ಪಟ್ಟಿ ಓದಿ ನೋಡಿ. ಇವತ್ತು ಏನು ತಿಂದೆವು ಎಂದು ಬರೆದಿಡುವುದಕ್ಕಿಂತ ದೊಡ್ಡ ಸಂಗತಿ ಅವರ ಮಟ್ಟಿಗೆ ಇರಲಿಲ್ಲ.

ಇದು ಓದುಗನಿಂದ ಸತ್ಯ ಮುಚ್ಚಿಟ್ಟಂತೆ ಅಲ್ಲವೇ ಎಂದು ಗೆಳೆಯನೊಬ್ಬ ವಾದಿಸಿದ. ನನಗೆ ಹಾಗನಿಸದು. ಸಿನಿಮಾ ಕಾಯಿಲೆಯನ್ನು ಮುಂದಿಟ್ಟುಕೊಂಡು ಹೊರಡುತ್ತದೆ, ಹಾಗಾಗಿ ದಾರಿಯಲ್ಲಿ ಏನಾದರೂ ಅದು ಕಾಯಿಲೆಯ ಲೆಕ್ಕಕ್ಕೇ ಹೋಗುತ್ತದೆ, ನಗುವೂ ಸಹ. ಪುಸ್ತಕದಲ್ಲಿ ನಗು ನಗುವಾಗಿಯೇ ಉಳಿಯುತ್ತದೆ. ಆದರೆ ಆ ನಗು ಕೆಲವು ಕಡೆ ಅತಿಯಾಯಿತು ಎನ್ನುವುದನ್ನೂ ಹೇಳಬೇಕು. ಕೊರ್ತಾಸಾರ್ ತಮ್ಮ ಹಳೆಯ ಕಾದಂಬರಿಯ ಕಲಾಕ್, ಪೊಲಾಂಕೊ ಎಂಬ ಪಾತ್ರಗಳನ್ನು ಇಲ್ಲಿಗೂ ಕರೆತಂದು ಹರಟೆ ಹೊಡೆಸುತ್ತಾರೆ. ಅವರ ಹಳೆಯ ಅಭಿಮಾನಿಗಳಿಗೆ ಇಷ್ಟವಾದೀತು, ನಾನಂತೂ ಪುಟ ಹಾರಿಸಿದೆ.

ಮಾರ್ಸೇ ಮುಟ್ಟಿದಾಗ ಸಂಭ್ರಮವಿಲ್ಲ. ಕಡಲು ಬಂತೆಂದರೆ ಆಟ ಮುಗಿಯಿತು, ಅದಕ್ಕೇ ಅಷ್ಟು ದಿನ ಅವರು ಅದನ್ನು ಮುಂದೂಡಿದ್ದು. ಆ ಡಿಸೆಂಬರಿನಲ್ಲಿ ಕೊರ್ತಾಸಾರ್ ಒಬ್ಬರೇ ಕೂತು ಹಿನ್ನುಡಿ ಬರೆದರು. ಅಲ್ಲಿಯವರೆಗೂ ಎರಡು ಕೈಗಳ ಪುಸ್ತಕ, ಆಮೇಲಿನ ಕೆಲವು ಪುಟ ಒಂದೇ ಕೈಯದು. 1984ರ ಫೆಬ್ರವರಿಯಲ್ಲಿ ಅವರೂ ಹೋದರು. ಓದುವವರು ಹಿನ್ನುಡಿಯನ್ನು ಮೊದಲೇ ತೆರೆಯಬೇಡಿ. ದಿನಚರಿಯ ಪುಟಗಳನ್ನು ಮಾತ್ರ ಹಾರಿಸಬೇಡಿ.