ಒಂದು ಕೊಳವೆಗೆ ಎರಡು ಕೆಲಸ

ರೇಸಿಂಗ್ ಕಾರಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಅಶ್ವಶಕ್ತಿ ಎಷ್ಟೆಂದು. ತೂಕ ಎಷ್ಟೆಂದು ಕೇಳುವವರು ಅಪರೂಪ. ಎಂಜಿನ್ನಿನ ಶಕ್ತಿ ಹೆಚ್ಚಿದರೆ ಲಾಭ ಆಕ್ಸಿಲರೇಟರ್ ತುಳಿದಾಗ ಮಾತ್ರ; ತೂಕ ಇಳಿದರೆ ವೇಗ ಏರಿಸುವಾಗ, ಬ್ರೇಕು ಒತ್ತುವಾಗ, ತಿರುವಿನಲ್ಲಿ, ಟೈರಿನ ಸವೆತದಲ್ಲಿ, ಪೆಟ್ರೋಲಿನ ಖರ್ಚಿನಲ್ಲಿ ಕೂಡ ಲಾಭ. ಇದು ಎಂಜಿನಿಯರುಗಳಿಗೆಲ್ಲ ಗೊತ್ತಿರುವ ಲೆಕ್ಕವೇ. ತೂಕ ಇಳಿಸುವುದು ಹೇಗೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಇರುವ ಕಾರಿನಿಂದ ಭಾಗಗಳನ್ನು ಕಳಚುತ್ತ, ಲೋಹವನ್ನು ತೆಳುವಾಗಿಸುತ್ತ, ಸಿಕ್ಕಲ್ಲೆಲ್ಲ ತೂತು ಕೊರೆಯುತ್ತ ಹೋಗುವುದು ಒಂದು ದಾರಿ. ಒಂದೊಂದು ಭಾಗಕ್ಕೂ ಎರಡೆರಡು ಕೆಲಸ ಹಚ್ಚಿ, ದಂಡಪಿಂಡದಂಥ ಭಾಗ ಹುಟ್ಟದಂತೆಯೇ ನೋಡಿಕೊಳ್ಳುವುದು ಇನ್ನೊಂದು. ಒಳ್ಳೆಯ ಹಗುರ ಕಾರು ಬರುವುದು ಈ ಎರಡನೆಯ ದಾರಿಯಿಂದ. ಅದಕ್ಕೆ ನಾನು ಮುಂದಿಡುವ ಸಾಕ್ಷಿ 1956ರ ಲೋಟಸ್ ಇಲೆವೆನ್ ಎಂಬ ರೇಸಿಂಗ್ ಕಾರು.

ಅದನ್ನು ರೂಪಿಸಿದ, ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ, ಸೇತುವೆಗಳ ರಚನಾಶಾಸ್ತ್ರ ಓದಿದವನು. ಸೇತುವೆ ಕಟ್ಟುವವನು ಭಾರ ಯಾವ ತೊಲೆಯ ಮೂಲಕ ನೆಲಕ್ಕೆ ಇಳಿಯುತ್ತದೆ ಎಂದು ಮೊದಲು ಗೆರೆ ಎಳೆದು ನೋಡುತ್ತಾನೆ. ಚಾಪ್‌ಮನ್ ಷಾಸಿಯನ್ನೂ ಹಾಗೆಯೇ ನೋಡಿದ. 1954ರ ಲೋಟಸ್ ಮಾರ್ಕ್ ಎಂಟು ಕಾರಿನಲ್ಲಿ ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದ ಚೌಕಟ್ಟು ಕಾಗದದ ಮೇಲೆ ನಿರ್ದೋಷವಾಗಿತ್ತು. ಆದರೆ ಆ ತ್ರಿಕೋನಗಳ ನಡುವಿನಿಂದ ಎಂಜಿನ್ ಹೊರತೆಗೆಯುವುದೇ ಮೆಕ್ಯಾನಿಕ್‌ಗಳಿಗೆ ಹರಸಾಹಸವಾಯಿತು. ಇಲೆವೆನ್‌ನ ಹೊತ್ತಿಗೆ, ಭಾರವನ್ನೆಲ್ಲ ಕೊಳವೆಯ ತ್ರಿಕೋನಗಳೇ ಹೊರಬೇಕೆಂಬ ಹಟ ಸಡಿಲಿತ್ತು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಮುಚ್ಚುವ ಅಲ್ಯೂಮಿನಿಯಂ ಸುರಂಗ ಮತ್ತು ನೆಲದ ತಗಡುಗಳನ್ನು ಚೌಕಟ್ಟಿಗೆ ರಿವೆಟ್ ಮಾಡಿ, ಅವೂ ಭಾರ ಹೊರುವಂತೆ ಮಾಡಿದ್ದರು. ಹೇಗೂ ಬೇಕಿದ್ದ ಮುಚ್ಚಳವೇ ಷಾಸಿಯ ಭಾಗವಾಯಿತು. ಎಂಜಿನ್‌ನ ಕತೆಯೂ ಇದಕ್ಕೆ ಹೊಂದುತ್ತದೆ. ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ 1098 ಸಿಸಿ ಎಂಜಿನ್ ಅಗ್ನಿಶಾಮಕ ಪಂಪಿನಿಂದ ಬೆಳೆದದ್ದು. ಬೆಂಕಿ ಬಿದ್ದ ಜಾಗಕ್ಕೆ ಆಳುಗಳು ಕೈಯಲ್ಲೇ ಹೊತ್ತೊಯ್ಯಬೇಕಿದ್ದ ಪಂಪು ಅದು. ಹೀಗಾಗಿ ಅದರ ಹಗುರತನ ಹುಟ್ಟಿನಿಂದಲೇ ಬಂದದ್ದು. ಎಲ್ಲ ಸೇರಿ ಕಾರಿನ ತೂಕ ಸುಮಾರು 450 ಕೆ.ಜಿ.

ಇಲ್ಲಿ ಏಳುವ ಗಟ್ಟಿಯಾದ ಆಕ್ಷೇಪ, ಹಗುರವೆಂದರೆ ದುರ್ಬಲ ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ. 1960ರಲ್ಲಿ ಬೆಲ್ಜಿಯಂನ ಸ್ಪಾ ಸರ್ಕ್ಯೂಟಿನಲ್ಲಿ ಅಭ್ಯಾಸದ ವೇಳೆ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್‌ನ ಹಿಂದಿನ ಚಕ್ರ ಕಳಚಿಹೋಯಿತು. ಅದೇ ದಿನ ಮೈಕ್ ಟೇಲರ್‌ನ ಲೋಟಸ್‌ನಲ್ಲಿ ಸ್ಟೀರಿಂಗ್ ಕಂಬ ಮುರಿಯಿತು. ಇಬ್ಬರೂ ತೀವ್ರವಾಗಿ ಗಾಯಗೊಂಡರು. ಮನುಷ್ಯನ ಜೀವ ನೇತಾಡುವ ಇಂಥ ಭಾಗಗಳಲ್ಲಿ ಗ್ರಾಂ ಲೆಕ್ಕ ಹಾಕಿದ್ದನ್ನು ಯಾವ ಗೆಲುವೂ ಸಮರ್ಥಿಸಲಾರದು. ಆದರೆ ಈ ಘಟನೆಗಳು ನನ್ನ ವಾದವನ್ನು ಮುರಿಯುವುದಿಲ್ಲ. ಬಲದ ಹರಿವನ್ನು ಹಂಚಿ ತೂಕ ಉಳಿಸುವುದು ಬೇರೆ, ಬಲವೆಲ್ಲ ಬಂದು ಬೀಳುವ ಒಂದೇ ಭಾಗವನ್ನು ಸಣ್ಣಗೆ ಮಾಡುವುದು ಬೇರೆ. ಮೊದಲನೆಯದು ಬಾಳುತ್ತದೆಂಬುದಕ್ಕೆ ಫ್ರಾನ್ಸಿನ 1957ರ ಲ ಮಾನ್ ರೇಸ್ ಸಾಕ್ಷಿ. ಇಪ್ಪತ್ತನಾಲ್ಕು ಗಂಟೆಗಳ ಆ ಸ್ಪರ್ಧೆಯಲ್ಲಿ ಇಲೆವೆನ್ ಕಾರುಗಳು 1100 ಮತ್ತು 750 ಸಿಸಿ ವರ್ಗಗಳೆರಡನ್ನೂ ಗೆದ್ದವು. ಕ್ಲಿಫ್ ಆಲಿಸನ್ ಮತ್ತು ಕೀತ್ ಹಾಲ್ ಓಡಿಸಿದ 744 ಸಿಸಿ ಕಾರು, ಎಂಜಿನ್ ಗಾತ್ರಕ್ಕೆ ಹೋಲಿಸಿ ಕ್ರಮಿಸಿದ ದೂರವನ್ನು ಅಳೆಯುವ ಪ್ರಶಸ್ತಿಯನ್ನೂ ಫ್ರೆಂಚರ ನೆಲದಲ್ಲೇ ಫ್ರೆಂಚರ ಕೈಯಿಂದ ಕಿತ್ತುಕೊಂಡಿತು. ದುರ್ಬಲ ಕಾರು ಒಂದು ಹಗಲು ಒಂದು ರಾತ್ರಿ ಹಾಗೆ ಓಡುವುದಿಲ್ಲ.

ಆ ಸ್ಪರ್ಧೆಯ ಮೊದಲ ನಾಲ್ಕು ಸ್ಥಾನಗಳು ದೊಡ್ಡ ಎಂಜಿನ್ನಿನ ಜಾಗ್ವಾರ್ ಕಾರುಗಳ ಪಾಲಾದವಲ್ಲವೇ ಎನ್ನಬಹುದು. ನಿಜ, ಉದ್ದನೆಯ ನೇರ ರಸ್ತೆಯುಳ್ಳ ಲ ಮಾನ್‌ನಲ್ಲಿ ದೊಡ್ಡ ಎಂಜಿನ್ನನ್ನು ಸಣ್ಣದು ಹಿಂದಿಕ್ಕುವುದು ಸಾಧ್ಯವಿರಲಿಲ್ಲ. ಇನ್ನೂ ಸೂಕ್ಷ್ಮವಾದ ಆಕ್ಷೇಪವೊಂದಿದೆ: ಇಲೆವೆನ್‌ನ ವೇಗ ತೂಕದಿಂದ ಬಂದದ್ದಲ್ಲ, ಡಿ ಹ್ಯಾವಿಲೆಂಡ್ ವಿಮಾನ ಕಂಪನಿಯ ಫ್ರಾಂಕ್ ಕಾಸ್ಟಿನ್ ರೂಪಿಸಿದ, ಗಾಳಿಯನ್ನು ಸೀಳುವ ಮೈಕಟ್ಟಿನಿಂದ ಬಂದದ್ದು ಎಂಬುದು. 1956ರಲ್ಲಿ ಇಟಲಿಯ ಮೊಂಜಾ ಸರ್ಕ್ಯೂಟಿನಲ್ಲಿ ಮಾಸ್ ಇದೇ ಕಾರಿಗೆ ಗಾಜಿನಂಥ ಗುಮ್ಮಟ ಹೊದಿಸಿ ಗಂಟೆಗೆ 143 ಮೈಲಿ ವೇಗದಲ್ಲಿ ಸುತ್ತು ಹಾಕಿದಾಗ ಕೆಲಸ ಮಾಡಿದ್ದು ಬಹುಪಾಲು ಆ ಮೈಕಟ್ಟೇ ಎಂದು ಒಪ್ಪುತ್ತೇನೆ. ಆದರೆ ಅಷ್ಟು ತಗ್ಗಾದ, ಕಿರಿದಾದ ಮೈಯನ್ನು ಹೊದಿಸಲು ಒಳಗಿನ ಅಸ್ಥಿಪಂಜರವೂ ಅಷ್ಟೇ ಚಿಕ್ಕದಿರಬೇಕಿತ್ತು. ಭಾರಿ ಷಾಸಿಯ ಮೇಲೆ ಕಾಸ್ಟಿನ್ ಆ ಗೆರೆಗಳನ್ನು ಎಳೆಯಲು ಆಗುತ್ತಿರಲಿಲ್ಲ. ಮೇಲಾಗಿ ಇಂಗ್ಲೆಂಡಿನ ಚಿಕ್ಕ, ತಿರುವು ತುಂಬಿದ ಸರ್ಕ್ಯೂಟುಗಳಲ್ಲಿ, ಗಾಳಿಯ ತಡೆಗಿಂತ ಬ್ರೇಕು ಮತ್ತು ಟೈರಿನ ಹಿಡಿತವೇ ಫಲಿತಾಂಶ ತೀರ್ಮಾನಿಸುವ ಕಡೆಯಲ್ಲೂ, ಇಲೆವೆನ್ ತನ್ನ ವರ್ಗದಲ್ಲಿ ಗೆಲ್ಲುತ್ತಲೇ ಹೋಯಿತು.