ರಾಜಿಯಿಲ್ಲದ ರಾಜೀನಾಮೆ

ರಾಜೀನಾಮೆಯಲ್ಲಿ ರಾಜನೂ ಇಲ್ಲ, ನಾಮವೂ ಇಲ್ಲ. ಪಟ್ಟ ಬಿಟ್ಟವನು ಬರೆದುಕೊಡುವ ಪತ್ರವೆಂದು ಈ ಪದವನ್ನು ಬಿಡಿಸುವವರು ಉಂಟು. ಒಮ್ಮೊಮ್ಮೆ ನಮ್ಮ ಜನಪ್ರತಿನಿಧಿಗಳ ರಾಜೀನಾಮೆ ನೋಡಿದಾಗ ಇದು ಮತದಾರನಿಗೆ ಹಾಕಿದ ನಾಮವೇ ಇರಬೇಕು ಎಂದು ನನಗೂ ಅನ್ನಿಸಿದ್ದುಂಟು. ಅದಿರಲಿ. ‘ರಾಜಿ’ ಅರಬ್ಬಿಯಿಂದ ಪಾರಸಿಗೆ ಬಂದು, ಅಲ್ಲಿಂದ ನಮ್ಮ ಕಚೇರಿಗಳಿಗೆ ಇಳಿದ ಮಾತು. ಒಪ್ಪಿದವನು, ಸಂತುಷ್ಟನಾದವನು ಎಂದು ಅದರ ಅರ್ಥ. ‘ನಾಮೆ’ ಎಂದರೆ ಪಾರಸಿಯಲ್ಲಿ ಪತ್ರ. ಕರಾರುನಾಮೆ, ಪಂಚನಾಮೆ, ವಕಾಲತ್ತುನಾಮೆಗಳೆಲ್ಲ ಅದೇ ಬಳಗದವು. ಎರಡೂ ಕೂಡಿದರೆ ಒಪ್ಪಿಗೆ ಪತ್ರವಾಗುತ್ತದೆಯೇ ಹೊರತು, ಬಿಡುವ ಮಾತೇ ಅದರಲ್ಲಿಲ್ಲ.

ಹಿಂದಿಯವರು ಈಗಲೂ ಕೋರ್ಟಿನ ಸಂಧಾನ ಪತ್ರವನ್ನೇ ರಾಜೀನಾಮಾ ಎನ್ನುತ್ತಾರೆ; ಕೆಲಸ ಬಿಟ್ಟರೆ ಅದು ಇಸ್ತೀಫಾ, ಇಲ್ಲವೇ ತ್ಯಾಗಪತ್ರ. ನೇಪಾಳಿಯಲ್ಲಿ ಜಮೀನಿನ ಕ್ರಯಪತ್ರಕ್ಕೂ ಇದೇ ಹೆಸರು. ಮರಾಠಿ, ತೆಲುಗು, ತಮಿಳಿನವರು ನಮ್ಮ ಜೊತೆಗಿದ್ದಾರೆ. ಮಲಯಾಳಿಗಳಂತೂ ಬಾಲ ಕತ್ತರಿಸಿ ಬರೀ ‘ರಾಜಿ’ ಎಂದುಬಿಟ್ಟರು. ಹೀಗಾಗಿ ಕಾಸರಗೋಡಿನ ಆಚೆ ‘ರಾಜಿ’ ಎಂದವನು ಕೆಲಸ ಬಿಟ್ಟಿರುತ್ತಾನೆ, ಈಚೆ ಅಂದವನು ಜಗಳ ಬಿಟ್ಟಿರುತ್ತಾನೆ.

ಒಪ್ಪಿಗೆ ಪತ್ರ ಬಿಡುವ ಪತ್ರವಾದದ್ದು ಹೇಗೆ? ನನ್ನ ಲೆಕ್ಕದಲ್ಲಿ ಅದರ ದಾರಿ ಹೊಲದ ಬದುವಿನ ಮೇಲೆ ಹಾದು ಹೋಗುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಕಂದಾಯ ಕಟ್ಟಲಾಗದ ರೈತ ಹೊಲ ಬಿಡಬೇಕಾದರೆ ಮಾಮಲೇದಾರರಿಗೆ ಬರೆದುಕೊಡಬೇಕಿತ್ತು. ಆ ಬರಹವೇ ರಾಜೀನಾಮೆ. 1879ರ ಮುಂಬಯಿ ಭೂಕಂದಾಯ ಸಂಹಿತೆ ಎರಡು ಬಗೆಯ ಬಿಡುವಿಕೆಯನ್ನು ಒಪ್ಪಿತ್ತು: ಪೂರ್ತಿಯಾಗಿ ಸರ್ಕಾರಕ್ಕೆ ಬಿಡುವುದು, ಅಥವಾ ಇಂಥವನ ಹೆಸರಿಗೆಂದು ಬಿಡುವುದು. ಎರಡನೆಯದರಲ್ಲಿ ಬಿಡುವವನು ರಾಜೀನಾಮೆ ಬರೆದರೆ ಹಿಡಿಯುವವನು ಕಬೂಲಾಯತ್ ಬರೆಯುತ್ತಿದ್ದ. ಹೊಲ ಕೈ ಬದಲಾಯಿಸಬೇಕಾದರೆ ಕಂದಾಯದ ದಫ್ತರಿಗೆ ಈ ಜೋಡಿ ಬೇಕಿತ್ತು. ಬಿಡುವವನಿಗೂ ಒಪ್ಪಿಗೆ, ಹಿಡಿಯುವವನಿಗೂ ಒಪ್ಪಿಗೆ. ಸರ್ಕಾರಕ್ಕೆ ಬೇಕಾದದ್ದು ತೀರುವೆ ಯಾರ ತಲೆಯ ಮೇಲೆ ಎಂಬ ಒಂದೇ ಸಂಗತಿ. ಹೊಲಕ್ಕೆ ಸಂದ ಮಾತು ಮುಂದೆ ಹುದ್ದೆಗೂ ಸಂದಿತು. ಹುದ್ದೆಯೇ ಉಳಿದು ಹೊಲ ಮರೆತುಹೋಯಿತು.

ಹೊಲದ ಕಡೆ ಈಗ ಇರುವುದು ಹಕ್ಕು ಬಿಡುಗಡೆ ಪತ್ರ. ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳು ಪಾಲು ಬಿಟ್ಟುಕೊಡುವಾಗ ಉಪನೋಂದಣಾಧಿಕಾರಿಯ ಮುಂದೆ ಹೆಬ್ಬೆಟ್ಟೊತ್ತುವ ಕಾಗದ. ಅದನ್ನು ಯಾವಾಗಲಾದರೂ ಪೂರ್ತಿ ಓದಿ. ‘ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸಂತೋಷದಿಂದ, ಬುದ್ಧಿ ಸ್ವಾಧೀನದಲ್ಲಿದ್ದು’ ಎಂಬ ಸಾಲು ಅದರಲ್ಲಿ ತಪ್ಪದೆ ಇರುತ್ತದೆ; ಉತ್ತರ ಕರ್ನಾಟಕದ ಕಾಗದದಲ್ಲಿ ‘ರಾಜೀಖುಷಿಯಿಂದ’. ಪ್ರತಿಫಲದ ಜಾಗದಲ್ಲಿ ಅರಿಶಿನ ಕುಂಕುಮಕ್ಕೆಂದು ಒಂದು ಮೊತ್ತ. ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಹಕ್ಕು ಗಟ್ಟಿಯಾದಷ್ಟೂ ಬಿಡುಗಡೆ ಪತ್ರದ ಬೆಲೆ ಏರಿತು. ಇಲ್ಲದ್ದನ್ನು ಬಿಡಿಸಿಕೊಳ್ಳಲು ಯಾರೂ ಛಾಪಾ ಕಾಗದ ಕೊಳ್ಳುವುದಿಲ್ಲ ನೋಡಿ. ಖುಷಿ ಎಷ್ಟಿತ್ತೆಂಬುದು ಅಣ್ಣ ತಂಗಿಯರಿಗೆ ಗೊತ್ತು. ಕಾಗದಕ್ಕೆ ಗೊತ್ತಿರುವುದು ಒಕ್ಕಣೆ ಮಾತ್ರ.

ಇದೇ ಅನುಮಾನ ಸಂವಿಧಾನಕ್ಕೂ ಬಂದದ್ದುಂಟು. 1974ರ ಗುಜರಾತ್ ಚಳವಳಿಯಲ್ಲಿ ಶಾಸಕರಿಂದ ಒತ್ತಾಯದಿಂದ ರಾಜೀನಾಮೆ ಬರೆಸಿಕೊಂಡ ದೂರುಗಳೆದ್ದವು. ಅದೇ ವರ್ಷ 33ನೇ ತಿದ್ದುಪಡಿ ಬಂತು. ರಾಜೀನಾಮೆ ಸ್ವಇಚ್ಛೆಯದೋ, ನೈಜವೋ ಎಂದು ಸಭಾಧ್ಯಕ್ಷರು ವಿಚಾರಿಸಬಹುದು, ಅಲ್ಲವೆನಿಸಿದರೆ ಅಂಗೀಕರಿಸುವಂತಿಲ್ಲ. ರಾಜೀನಾಮೆಯೊಳಗೆ ರಾಜಿ ಇದೆಯೇ ಎಂದು ಹುಡುಕಲು ಸಂವಿಧಾನವನ್ನೇ ತಿದ್ದಬೇಕಾಯಿತು.

2019ರ ಜುಲೈ ನಮಗೆ ಮರೆತಿಲ್ಲ. ಕರ್ನಾಟಕದ ಶಾಸಕರು ಗುಂಪಾಗಿ ರಾಜೀನಾಮೆ ಕೊಟ್ಟಾಗ, ಕೆಲವರ ಪತ್ರ ಕ್ರಮಬದ್ಧವಾಗಿಲ್ಲವೆಂದು ವಿಧಾನಸಭೆಯ ಸಭಾಧ್ಯಕ್ಷ ರಮೇಶ್ ಕುಮಾರ್ ಹೇಳಿದರು. ಸುಪ್ರೀಂ ಕೋರ್ಟ್ ಸಂಜೆ ಆರರೊಳಗೆ ಅವರ ಮುಂದೆ ಹಾಜರಾಗಿ ಎಂದಾಗ ಶಾಸಕರು ಮುಂಬಯಿಯಿಂದ ಹಾರಿ ಬಂದರು. ಕೊನೆಗೆ 17 ಮಂದಿ ಅನರ್ಹರಾದರು. ನವೆಂಬರ್ 13ರಂದು ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ತೆಗೆದುಹಾಕಿತು. ರಾಜೀನಾಮೆಯ ವಿಷಯದಲ್ಲಿ ಸಭಾಧ್ಯಕ್ಷರು ನೋಡಬೇಕಾದದ್ದು ಸ್ವಇಚ್ಛೆ ಮತ್ತು ನೈಜತೆ, ಅಷ್ಟೇ ಎಂದೂ ಹೇಳಿತು. ಯಾಕೆ ಬಿಟ್ಟಿರಿ ಎಂದು ಕೇಳುವ ಕೆಲಸ ಮತದಾರನಿಗೇ ಉಳಿಯಿತು.

ಬಳಕೆಯ ಬಗ್ಗೆ ನನ್ನ ತೀರ್ಪು ಇಷ್ಟು. ರಾಜೀನಾಮೆಯನ್ನು ಕೊಡಬಹುದು, ಸಲ್ಲಿಸಬಹುದು, ಹಿಂಪಡೆಯಬಹುದು. ಸಿಟ್ಟು ಬಂದಾಗ ಮೇಲಧಿಕಾರಿಯ ಮೇಜಿನ ಮೇಲೆ ಬಿಸಾಕಿಯೂ ಬರಬಹುದು. ‘ತ್ಯಾಗಪತ್ರ’ ಬೇಡ, ಹೆಚ್ಚು ಸಂಬಳದ ಕೆಲಸ ಸಿಕ್ಕಿತೆಂದು ಬಿಟ್ಟು ಹೋಗುವವನಿಗೆ ತ್ಯಾಗದ ಕಿರೀಟ ಏಕೆ? ಪತ್ರಿಕೆಗಳು ಬರೆಯುವ ‘ಸಚಿವರಿಂದ ರಾಜೀನಾಮೆ ಪಡೆದ ಮುಖ್ಯಮಂತ್ರಿ’ ಎಂಬ ಸಾಲನ್ನಂತೂ ನಾನು ಒಪ್ಪಲಾರೆ. ಕೇಳಿ ಪಡೆದದ್ದಾದರೆ ಅದಕ್ಕೆ ‘ಕೈಬಿಟ್ಟರು’ ಎಂಬ ಒಳ್ಳೆಯ ಕನ್ನಡ ಇದೆ. ಅದನ್ನೇ ಬರೆಯಿರಿ.