ಅಗ್ನಿಶಿಲೆ, ಜ್ವಾಲಾಮುಖಿ, ಶಿಲಾಪಾಕ: ಮೂರು ಶಬ್ದಗಳ ವಿಮರ್ಶೆ

ಕಾವ್ಯದ ಒಂದೊಂದು ಶಬ್ದವನ್ನೂ ಒರೆಗೆ ಹಚ್ಚುವ ನಾವು ಮಕ್ಕಳ ಪಾಠದ ಶಬ್ದಗಳನ್ನು ಪರೀಕ್ಷಿಸದೆ ಬಿಟ್ಟುಬಿಡುತ್ತೇವೆ. ಶಾಸ್ತ್ರದ ಮಾತಿಗೆ ವಿಮರ್ಶೆಯೇಕೆ ಎಂಬ ಉದಾಸೀನವೇ ಇದಕ್ಕೆ ಕಾರಣ. ಭೂಗೋಲದ ಪಾಠದಲ್ಲಿ ಬರುವ ಮೂರು ಶಬ್ದಗಳನ್ನು ಇಲ್ಲಿ ಪರಿಶೀಲಿಸೋಣ.

ಮೊದಲನೆಯದು ‘ಅಗ್ನಿಶಿಲೆ’. ಇಂಗ್ಲಿಷಿನಲ್ಲಿ ಈ ಕಲ್ಲಿಗಿರುವ ಹೆಸರು ಬೆಂಕಿ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು; ನಮ್ಮ ಶಬ್ದವೂ ಅದೇ ಅರ್ಥದ್ದು, ದೋಷವೂ ಅದೇ. ಭೂಗರ್ಭದಲ್ಲಿ ಬೆಂಕಿ ಉರಿಯುವುದಿಲ್ಲ. ಭೂಕವಚದ ಕೆಳಗಿನ ಶಿಲೆ ಬಹುಮಟ್ಟಿಗೆ ಘನವಾಗಿಯೇ ಇದೆ. ಅದು ಮೇಲಕ್ಕೇರಿ ಒತ್ತಡ ಕಡಿಮೆಯಾದಾಗ, ಅಥವಾ ನೀರಿನ ಅಂಶ ಸೇರಿ ಕರಗುವ ಉಷ್ಣತೆ ಇಳಿದಾಗ, ಅದರ ಒಂದು ಭಾಗವಷ್ಟೇ ಕರಗುತ್ತದೆ. ಹಾಗೆ ಉಂಟಾದ ದ್ರವವು ಆಳದಲ್ಲಿ ನಿಧಾನವಾಗಿ ಆರಿದರೆ ಗ್ರಾನೈಟಿನಂತಹ ದೊಡ್ಡ ಹರಳುಗಳ ಕಲ್ಲಾಗುತ್ತದೆ. ಹೊರಬಂದು ಬೇಗನೆ ಆರಿದರೆ ಬಸಾಲ್ಟಿನಂತಹ ಸಣ್ಣ ಕಣಗಳ ಕಲ್ಲಾಗುತ್ತದೆ.

ಎರಡನೆಯದು ‘ಜ್ವಾಲಾಮುಖಿ’. ಕಾಂಗ್ಡಾ ಸೀಮೆಯ ಜ್ವಾಲಾಮುಖಿ ದೇಗುಲದಲ್ಲಿ ಬಂಡೆಯ ಸಂದುಗಳಿಂದ ನೈಸರ್ಗಿಕ ಅನಿಲ ಹೊಮ್ಮಿ ಉರಿಯುತ್ತದೆ. ಅಲ್ಲಿ ಈ ಹೆಸರು ಅನ್ವರ್ಥಕ. ಆದರೆ ಅಲ್ಲಿ ಲಾವಾರಸವಿಲ್ಲ. ಲಾವಾರಸವಿರುವಲ್ಲಿ ಜ್ವಾಲೆಯೆಂದು ತೋರುವುದು ಬಹುಮಟ್ಟಿಗೆ ಕಾದ ಶಿಲೆಯ ಕೆಂಪು ಕಾಂತಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ವಿದ್ಯಾರ್ಥಿಯು ಈ ಶಬ್ದ ಕೇಳಿದೊಡನೆ ಹೊಗೆಯುಗುಳುವ ವಿಸುವಿಯಸ್ಸಿನ ಚಿತ್ರ ಬರೆಯುತ್ತಾನೆ. ತಾನು ನಿಂತಿರುವ ಕರಿಕಲ್ಲನ್ನು ನೆನೆಯುವುದಿಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖನ್ನಿನ ನೆಲ ಉದ್ದುದ್ದವಾಗಿ ಬಿರಿದು, ಲಾವಾರಸ ಪದರಪದರವಾಗಿ ಹರಡಿತು. ಇಂದಿಗೂ ಆ ಕಲ್ಲು ಸುಮಾರು 5 ಲಕ್ಷ ಚದರ ಕಿಲೋಮೀಟರುಗಳನ್ನು ಆವರಿಸಿದೆ. ನಾವು ಜೋಳ ಬಿತ್ತುವ ಎರೆಭೂಮಿ ಅದು ಶಿಥಿಲವಾಗಿ ಆದದ್ದು. ವಿಜಯಪುರದ ಗೋಳಗುಮ್ಮಟ ಅಂತಹ ಕಲ್ಲಿನಿಂದಲೇ ಎದ್ದದ್ದು. 1783ರಲ್ಲಿ ಐಸ್‌ಲೆಂಡಿನ ಲಾಕಿಯಲ್ಲಿಯೂ ನೆಲ ಬಿರಿದೇ ಲಾವಾರಸ ಹರಿಯಿತು. ಅಲ್ಲಿ ಎತ್ತರದ ಒಂದೇ ಶಿಖರವಿರಲಿಲ್ಲ, ಒಂದೇ ಮುಖವೂ ಇರಲಿಲ್ಲ.

ಮೂರನೆಯ ‘ಶಿಲಾಪಾಕ’ವನ್ನು ಮಾತ್ರ ನಾವು ಮನಸಾರೆ ಮೆಚ್ಚುತ್ತೇವೆ. ಬೆಲ್ಲದ ಪಾಕ ತೆಳುವೋ ಗಟ್ಟಿಯೋ ಎಂಬುದನ್ನು ಬಲ್ಲ ಮಗು ಜ್ವಾಲಾಮುಖಿಗಳ ಭೇದವನ್ನೂ ಬಲ್ಲದು. ಸಿಲಿಕಾ ಕಡಿಮೆಯಿದ್ದರೆ ಪಾಕ ತೆಳು. ದೂರ ಹರಿದು, ಹವಾಯಿಯ ಮೌನಾ ಲೋವಾದಂತೆ, ಕವುಚಿಟ್ಟ ಗುರಾಣಿಯಾಕಾರದ ಬೆಟ್ಟವಾಗುತ್ತದೆ. ಸಿಲಿಕಾ ಹೆಚ್ಚಿದ್ದರೆ ಪಾಕ ಗಟ್ಟಿ. ಒಳಗಿನ ಅನಿಲ ಸುಲಭವಾಗಿ ಹೊರಬರಲಾರದೆ ಸ್ಫೋಟಿಸುತ್ತದೆ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಸಿಡಿದದ್ದು ಹೀಗೆ. ಲಾವಾ ಮತ್ತು ಬೂದಿಯ ಪದರಗಳಿಂದಾದ ಕಡಿದಾದ ಶಂಕುವದು.

ರೂಢಿಗೆ ಬಂದ ಶಬ್ದಗಳನ್ನು ಕಿತ್ತೊಗೆಯಿರೆಂದು ನಾವು ಹೇಳುವುದಿಲ್ಲ. ಹೆಸರನ್ನು ಕಲಿಸಿದ ದಿನವೇ ಅದರ ಕೊರತೆಯನ್ನೂ ಅಧ್ಯಾಪಕರು ಕಲಿಸಲಿ. ಪಾಠ ಶಾಲೆಯಂಗಳದ ಕರಿಕಲ್ಲಿನಿಂದ ಮೊದಲಾಗಲಿ. ಗಡಿಯಾಚೆ ಕನ್ನಡದಲ್ಲಿ ಓದುವ ಮಗುವಿಗೆ ಅದರ ಕಾಲಕೆಳಗಿನ ನೆಲವನ್ನೇ ಕನ್ನಡ ತಿಳಿಸಿಕೊಡದಿದ್ದರೆ, ಶಾಸ್ತ್ರ ಪರರದಾಗಿ ಉಳಿಯುತ್ತದೆ, ಭಾಷೆ ಬರಿಯ ಬಾಯಿಪಾಠವಾಗುತ್ತದೆ.